ಹಣ್ಣಿನದೇ ತಾನೆ ಅಂತ ಕುಡಿದ ದ್ರಾಕ್ಷಿ ಜ್ಯೂಸ್

ಮಾನ್ಯ ಸಂಪಾದಕರೇ,

ಹೋದ ಮಾರ್ಚ್‌ನಲ್ಲಿ ನಮ್ಮ ಕಾಕಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ವಿಜಯಪುರದಿಂದ ಪುಣೆಗೆ ಬಂದಿದ್ದರು. ಆಪರೇಷನ್ ದಿನ ಶುಗರ್ ನೋಡಿದರೆ 290. ಡಾಕ್ಟರ್ ವಾಪಸ್ ಕಳಿಸಿದರು. ಸಿಹಿ ಮುಟ್ಟಿಲ್ಲ, ಚಹಾಕ್ಕೂ ಸಕ್ಕರೆ ಹಾಕಿಸಿಕೊಂಡಿಲ್ಲ ಅಂತ ಕಾಕಾ ಆಣೆ ಮಾಡಿದರು. ಆಮೇಲೆ ಗೊತ್ತಾಯಿತು, ದಿನಾ ಸಂಜೆ ವಾಕಿಂಗ್ ಅಂತ ಹೋಗಿ ತಿರುವಿನ ಜ್ಯೂಸ್ ಸೆಂಟರ್‌ನಲ್ಲಿ ಒಂದು ದೊಡ್ಡ ಗ್ಲಾಸ್ ಕಪ್ಪು ದ್ರಾಕ್ಷಿ ಜ್ಯೂಸ್ ಕುಡಿದು ಬರುತ್ತಿದ್ದರು. ಕೇಳಿದರೆ, "ಹಣ್ಣಿಂದ ಅಲ್ಲೇನು, ರಕ್ತ ಆಗ್ತೈತಿ" ಅಂದರು.

ರಕ್ತ ಆಗೋದು ಸುಳ್ಳು. 100 ಮಿ.ಲೀ. ದ್ರಾಕ್ಷಿ ರಸದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇಲ್ಲ, ಬಣ್ಣ ನೋಡಿ ಹುಟ್ಟಿದ ನಂಬಿಕೆ ಅದು. ಸಕ್ಕರೆ ಮಾತ್ರ ಸುಮಾರು 14 ಗ್ರಾಂ. ಅಂದರೆ 200 ಮಿ.ಲೀ. ಶುದ್ಧ ರಸ ಕುಡಿದರೆ ಏಳು ಚಮಚದಷ್ಟು ಸಕ್ಕರೆ ಒಳಗೆ ಹೋಯಿತು, ಅಂಗಡಿಯವನು ಒಂದು ಕಾಳೂ ಹಾಕದೆ! ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹಣ್ಣಿನ ರಸದ ಸಕ್ಕರೆಯನ್ನೂ ನಾವು ಮೇಲಿಂದ ಹಾಕುವ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ಇನ್ನೊಂದು ಮಾತು. ಶುಗರ್ ದಿಢೀರ್ ಇಳಿದು ಕೈಕಾಲು ನಡುಗಿದರೆ ಅರ್ಧ ಕಪ್ ಜ್ಯೂಸ್ ಕುಡಿಯಿರಿ ಅಂತ ಡಾಕ್ಟರುಗಳೇ ಹೇಳುತ್ತಾರೆ, ಅಷ್ಟು ಬೇಗ ಏರಿಸುತ್ತದೆ. ಕಾಕಾ ಅದನ್ನೇ ದಿನಾ ಸಂಜೆ, ಆರಾಮಾಗಿ ಕುಡಿಯುತ್ತಿದ್ದರು.

ಮರುದಿನ ನಾನೇ ಆ ಅಂಗಡಿ ಮುಂದೆ ನಿಂತು ನೋಡಿದೆ. ಎರಡು ಹಿಡಿ ದ್ರಾಕ್ಷಿ, ಮೂರು ಚಮಚ ಸಕ್ಕರೆ, ಚಿಟಿಕೆ ಕಪ್ಪುಪ್ಪು, ಐಸು. ಮಿಕ್ಸರ್ ತಿರುಗಿಸಿ, ಜರಡಿಯಲ್ಲಿ ಒತ್ತಿ ಒತ್ತಿ ಸೋಸಿ, ಸಿಪ್ಪೆಯ ಚರಟವನ್ನೆಲ್ಲ ಬಕೆಟ್‌ಗೆ ಬಡಿದ. ಅದರ ತುಂಬ ಜೇನ್ನೊಣ. ದ್ರಾಕ್ಷಿಯಲ್ಲಿ ನಾರು ಇರುವುದೇ ಸ್ವಲ್ಪ, ಅದೂ ಬಕೆಟ್ ಪಾಲು. ರೆಸ್ವೆರಾಟ್ರಾಲ್ ಅನ್ನೋ ಅಂಶವನ್ನು ಹೃದಯದ ಹೆಸರಲ್ಲಿ ಹೊಗಳುತ್ತಾರಲ್ಲ, ಅದೂ ಜಾಸ್ತಿ ಇರುವುದು ಸಿಪ್ಪೆಯಲ್ಲೇ.

ಜ್ಯೂಸ್‌ನಲ್ಲಿ ಏನೂ ಇಲ್ಲ ಅಂತಲ್ಲ. ಕಪ್ಪು ಬಣ್ಣ ಕೊಡುವ ಆಂಥೋಸಯನಿನ್ ಒಂದಿಷ್ಟು ರಸಕ್ಕೂ ಇಳಿಯುತ್ತದೆ, ಪೊಟ್ಯಾಸಿಯಂ ಇದೆ (ಕಿಡ್ನಿ ತೊಂದರೆ ಇದ್ದವರು ಅದಕ್ಕೇ ಡಾಕ್ಟರನ್ನು ಕೇಳಬೇಕು), ಬಿಸಿಲಲ್ಲಿ ಸುತ್ತಿ ಬಂದವರಿಗೆ ಜೀವ ಬಂದ ಹಾಗಾಗುತ್ತದೆ. ಆರೋಗ್ಯವಾಗಿರುವವರು ಅಪರೂಪಕ್ಕೆ ಕುಡಿದರೆ ನನ್ನದೇನೂ ತಕರಾರಿಲ್ಲ. ಆಸ್ಪತ್ರೆಗೆ ರೋಗಿ ನೋಡಲು ಹೋಗುವಾಗ ಜ್ಯೂಸ್ ಡಬ್ಬಿ ಒಯ್ಯುತ್ತೇವಲ್ಲ, ಅದನ್ನು ಮೊದಲು ಬಿಡಬೇಕು.

ಕಾಕಾನ ಆಪರೇಷನ್ ಮೂರು ವಾರ ತಡವಾಗಿ ಆಯಿತು. ಅಷ್ಟು ದಿನ ಜುನ್ನರ್ ಕಡೆಯ ಕಪ್ಪು ದ್ರಾಕ್ಷಿ ತಂದು, ಉಪ್ಪುನೀರಲ್ಲಿ ತೊಳೆದು, ಹತ್ತೇ ಹತ್ತು ಎಣಿಸಿ ಕೊಡುತ್ತಿದ್ದೆವು. ಸಿಪ್ಪೆ ಉಗುಳಲು ಬಿಡಲಿಲ್ಲ.

ಜ್ಯೂಸ್ ಅಂಗಡಿಯವರು ಬೋರ್ಡ್ ಮೇಲೆ ರೇಟಿನ ಪಕ್ಕ ಎಷ್ಟು ಚಮಚ ಸಕ್ಕರೆ ಅಂತಲೂ ಬರೆದರೆ ಎಷ್ಟೋ ಉಪಕಾರ. ನಾನು ಅವತ್ತು ಮರಾಠಿಯಲ್ಲಿ "ಸಾಖರ್ ನಕೋ" (ಸಕ್ಕರೆ ಬೇಡ) ಅಂದೆ. "ಥೋಡೀ ತರ ಪಾಹಿಜೇಚ್" (ಸ್ವಲ್ಪನಾದರೂ ಬೇಕೇ ಬೇಕು) ಅಂತ ಅಂಗಡಿಯವನು ನಗುತ್ತಾ ಒಂದು ಚಮಚ ಸುರಿದೇಬಿಟ್ಟ.

ನಿಮ್ಮ ಓದುಗ,
ಚಿಂಚವಾಡ, ಪುಣೆ