ಅಕ್ಕನಿಗೆ, ಆಮೇಲೆ ಉಳಿದೋರಿಗೆಲ್ಲ

ನಿನ್ನೆ ಮೀಟಿಂಗಲ್ಲಿ ನನ್ನ ಬರ್ತ್‌ಡೇ ಕೇಕ್ ಕಟ್ ಮಾಡಿದ್ವಿ. ಹುಟ್ಟಿದ್ದಲ್ಲ, ಕುಡಿಯೋದು ಬಿಟ್ಟಿದ್ದು, ಎಎನಲ್ಲಿ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಬ್ಬರಿಗೊಬ್ಬರು ಜೊತೆಯಾಗೋ ಗುಂಪು) ಅದಕ್ಕೂ ಬರ್ತ್‌ಡೇ ಅಂತಾನೇ ಅಂತೀವಿ. ಫೋಟೋ ಕೇಳ್ಬೇಡಿ, ಅಲ್ಲಿ ಫೋಟೋ ತೆಗೆಯಂಗಿಲ್ಲ. ಅಮ್ಮ, ತಮ್ಮ, ಮಗಳನ್ನ ಅಷ್ಟು ದಿನ ತನ್ನ ಮಕ್ಕಳ ಜೊತೆ ಸ್ಕೂಲಿಗೆ ಕಳಿಸಿದ ಅತ್ತಿಗೆ, ಕಾರಣ ಕೇಳದೆ ರಜೆ ಕೊಟ್ಟ ಮ್ಯಾನೇಜರ್, ಕೆಳಗಿನ ಮನೆ ಆಂಟಿ, ಗುರುವಾರದ ಗ್ರೂಪಿನವರು, ಎಲ್ಲರಿಗೂ ಒಂದೇ ಲೈನಲ್ಲಿ ಥ್ಯಾಂಕ್ಸ್ ಮುಗಿಸ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ಇವತ್ತಿನ ಜಾಗ ಎಲ್ಲ ಅಕ್ಕಂದು. ಅವರು ನನ್ನ ಕೌನ್ಸೆಲರ್, ಈ ತಿಂಗಳ ಕೊನೆಗೆ ರಿಟೈರ್ ಆಗ್ತಿದಾರೆ, ಹೆಸರು ಹಾಕಿದ್ರೆ ಕಾಲು ಮುರೀತೀನಿ ಅಂದಿದಾರೆ, ಅದಕ್ಕೆ ಅಕ್ಕ ಅಂತಷ್ಟೇ.

ಅವರಿಗಿಂತ ಮುಂಚೆ ನೋಡಿದ ಡಾಕ್ಟರೊಬ್ಬರು ನನ್ನ ಕಡೆ ನೋಡ್ದೇನೇ ಅಮ್ಮನ್ನ "ಹೆಣ್ಮಗಳಾಗಿ ಇದೇನಮ್ಮ ಇದು" ಅಂತ ಕೇಳಿದ್ರು. ಅಕ್ಕ ಕೇಳಿದ್ದು ತಿಂಡಿ ಆಯ್ತಾ ಅಂತ. ಆಮೇಲೆ, "ಬಾಟ್ಲು ಎಲ್ಲಿ ಬಚ್ಚಿಡ್ತಿದ್ದೆ?" ವಾಷಿಂಗ್ ಮೆಷಿನ್ ಹಿಂದೆ ಅಂದೆ. "ಅಯ್ಯೋ, ಎಲ್ಲರೂ ಅಲ್ಲೇ ಇಡೋದು, ದೇವರಮನೆ ತಂಬಿಗೇಲಿ ಇಟ್ಟವರನ್ನೂ ನೋಡಿದೀನಿ ನಾನು" ಅಂತ ನಕ್ಕುಬಿಟ್ರು. ಎಷ್ಟೋ ಕಾಲ ಆದ್ಮೇಲೆ ಆ ವಿಷಯಕ್ಕೆ ನಾನೂ ನಕ್ಕಿದ್ದೆ.

ಕುಡಿತ ಬಿಡಿಸೋ ವಾರ್ಡಿನ ಕಥೆ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಹೇಳಲ್ಲ. ಮೂರನೇ ರಾತ್ರಿ ಮಾತ್ರ ಹೇಳ್ಬೇಕು. ಕುಡಿಯೋದು ನಿಲ್ಲಿಸಿ ಎರಡು ಮೂರು ದಿನಕ್ಕೇ ಮೈಮನಸ್ಸಿನ ಕಾಟ ಜೋರಾಗೋದಂತೆ, ನನಗೂ ಹಂಗೇ ಆಯ್ತು, ಮೈಯೆಲ್ಲ ನಡುಕ, ಗೋಡೆ ತುಂಬ ಇರುವೆ ಹರೀತಿದೆ, ಹಾಸಿಗೆ ಮೇಲೆ ಬರ್ತಿದೆ ಅಂತ ಕಿರುಚಾಡ್ತಿದ್ದೆ. ಅಮ್ಮನಿಗೆ ಬಿಪಿ ಏರಿ ಮನೆಗೆ ಕಳಿಸಿಬಿಟ್ಟಿದ್ರು. ಗಂಡ ಬರ್ಲಿಲ್ಲ. ಅಕ್ಕನ ಡ್ಯೂಟಿ ಸಂಜೆಗೇ ಮುಗಿದಿತ್ತು, ಆದ್ರೂ ಬ್ಯಾಗ್ ಹೆಗಲಿಗೆ ಹಾಕ್ಕೊಂಡಿದ್ದೋರು ವಾಪಸ್ ಇಟ್ಟು ಕೂತ್ರು. ಲೈಟ್ ಆರಿಸೋಕೆ ಬಿಡ್ಲಿಲ್ಲ. ಇರುವೆ ಇದೆ ಅಂತಾನೂ ಹೇಳ್ಲಿಲ್ಲ, ಇಲ್ಲ ಅಂತ ನನ್ನ ಜೊತೆ ಜಗಳಕ್ಕೂ ಬೀಳ್ಲಿಲ್ಲ, "ಇದು ಆಸ್ಪತ್ರೆ, ಇವತ್ತು ಬುಧವಾರ, ನಾನಿದೀನಿ, ಸಿಸ್ಟರ್ ಇದಾರೆ" ಅಂತ ಅದನ್ನೇ ಹೇಳ್ತಾ ಇದ್ರು, ಎಷ್ಟು ಸಲ ಅಂತ ದೇವರಿಗೇ ಗೊತ್ತು, ಒಂದು ಸಲಾನೂ ದನಿ ಏರಿಲ್ಲ. ನಾನು ಅವರ ಕೈ ಪರಚಿದ್ದೀನಿ. ಬೆಳಿಗ್ಗೆ ಹಾಲಿನ ಗಾಡಿ ಸದ್ದು ಕೇಳ್ದಾಗ ಆ ಕೈಗೇ ಮುಲಾಮು ಹಚ್ಕೊಳ್ತಾ ಕೂತಿದ್ರು.

ಗಂಡಸರ ವಾರ್ಡಲ್ಲಿ ಪ್ರತಿ ಮಂಚದ ಪಕ್ಕ ಹೆಂಡ್ತಿ, ತಾಯಿ, ಅಕ್ಕತಂಗಿ, ಯಾರಾದ್ರೂ ಚಾಪೆ ಹಾಸ್ಕೊಂಡು ಮಲಗಿರ್ತಾರೆ. ನಮ್ಮ ಕಡೆ ಚಾಪೆ ಖಾಲಿ. ಅಷ್ಟು ವರ್ಷ ಅಕ್ಕ ಮಾಡಿದ್ದು ಆ ಖಾಲಿ ಚಾಪೆ ಮೇಲೆ ಕೂರೋ ಕೆಲಸಾನೇ ಅಂತ ನನಗನಿಸುತ್ತೆ, ಸೈನ್ ಹಾಕೋಕೆ ಯಾರೂ ಇಲ್ಲದಿದ್ರೆ ಅಣ್ಣಂದಿರಿಗೆ ಅವರೇ ಫೋನ್ ಮಾಡಿ ಬೈದು ಕರೆಸ್ತಿದ್ರು.

ಅವರು ಟ್ರೈನಿಂಗ್ ತಗೊಂಡಿದ್ದು ಚೆನ್ನೈನ ಟಿಟಿಕೆ ವ್ಯಸನಮುಕ್ತಿ ಆಸ್ಪತ್ರೇಲಿ. ಗಂಡನ್ನ ಕುಡಿತಕ್ಕೆ ಕಳ್ಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಶುರು ಮಾಡಿದ್ದು ಅದು, 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗ್ರೂಪಲ್ಲಿ ಯಾರಾದ್ರೂ "ನನ್ನಂಥ ಹೆಂಗಸು ಇನ್ಯಾರಿದಾರೆ" ಅಂತ ಅತ್ರೆ ಅಕ್ಕ ಮಾರ್ಟಿ ಮ್ಯಾನ್ ಕಥೆ ತೆಗೀತಿದ್ರು. 1939ರಲ್ಲಿ ನ್ಯೂಯಾರ್ಕಲ್ಲಿ ಹೆಚ್ಚುಕಮ್ಮಿ ಬರೀ ಗಂಡಸರೇ ಇದ್ದ ಎಎ ಮೀಟಿಂಗಿಗೆ ಹೋದ ಹೆಂಗಸು, 1944ರಲ್ಲಿ ಇದು ಕಾಯಿಲೆ ಅಂತ ಅಮೆರಿಕಕ್ಕೆಲ್ಲ ಹೇಳೋಕೆ ತಾನೇ ಒಂದು ಸಂಸ್ಥೆ ಕಟ್ಟಿದ್ರು. ನಮಗೆ ಬಾಯಿಪಾಠ ಆಗೋಗಿತ್ತು, ಆದ್ರೂ ಹೊಸಬರು ಬಂದಾಗ ಸುಮ್ನೆ ಕೇಳ್ತಿದ್ವಿ.

ಅಕ್ಕನಿಗೆ ಸಿಟ್ಟು ಬಂದಿದ್ದು ನೋಡಿದ್ದು ಒಂದೇ ಸಲ. ಒಬ್ಬರ ಅತ್ತೆ ಸೊಸೆಗೆ ಗೊತ್ತಾಗದ ಹಾಗೆ ಸಾರಲ್ಲಿ ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್ ಮಾತ್ರೆ ಪುಡಿ ಮಾಡಿ ಹಾಕ್ತಿದ್ರು. "ಅದರ ಮೇಲೆ ಕುಡಿದ್ರೆ ಜೀವಕ್ಕೇ ಬರುತ್ತೆ, ಅವಳಿಗೆ ಹೇಳಿ, ಅವಳು ಒಪ್ಪಿದ್ರೆ, ಡಾಕ್ಟರ್ ಬರೆದುಕೊಟ್ರೆ ಮಾತ್ರ" ಅಂತ ಕಾರಿಡಾರಲ್ಲೇ ಜೋರು ಮಾಡಿದ್ರು.

ನನ್ನ ಪಕ್ಕದ ಮಂಚದವಳು ಇವತ್ತಿಲ್ಲ. ಹಾರ್ಟ್ ಅಟ್ಯಾಕ್ ಅಂತ ಹೇಳಿ ಮುಗಿಸಿದ್ರು ಮನೆಯವರು. ಅಕ್ಕ ಹೋಗಿದ್ರು, ಒಳಗೆ ಕರೀಲಿಲ್ಲ, ಗೇಟ್ ಹತ್ರ ನಿಂತು ಬಂದ್ರು. ನನಗಿಂತ ಗಟ್ಟಿ ಇದ್ಲು ಕಣ್ರೀ ಅವಳು, ನನಗಿಂತ ಚೆನ್ನಾಗಿ ನಗ್ತಿದ್ಲು, ಕೇಕಿನ ಮುಂದೆ ನಾನ್ಯಾಕೆ ನಿಂತಿದೀನಿ ಅವಳ್ಯಾಕಿಲ್ಲ, ನಿನ್ನೆ ಪೂರ್ತಿ ಇದೇ. ಅಕ್ಕನಿಗೆ ಹೇಳಿದೆ. ಸಮಾಧಾನ ಏನೂ ಮಾಡ್ಲಿಲ್ಲ, "ನನಗೂ ಅಷ್ಟೇ" ಅಂದ್ರು.

ಇರ್ಲಿ. ಅಕ್ಕ ಮುಂದಿನ ತಿಂಗಳು ಶಿರಸಿ ಕಡೆ ಊರಿಗೆ ಹೋಗ್ತಾರೆ. ಮಧ್ಯಾಹ್ನ ನಿದ್ದೆ ಮಾಡ್ತಾರಂತೆ, ಇಷ್ಟು ವರ್ಷ ಮಾಡಿಲ್ವಂತೆ, ಆ ಹೊತ್ತಲ್ಲಿ ದಯವಿಟ್ಟು ಫೋನ್ ಮಾಡ್ಬೇಡಿ. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಬೇಕಿದ್ರೆ 14446 ವ್ಯಸನಮುಕ್ತಿ ಸಹಾಯವಾಣಿ, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416, ಎರಡೂ ಫ್ರೀ. ನನಗೆ ಮೆಸೇಜ್ ಮಾಡಿದ್ರೂ ಸರಿ. ಯಾಕೆ ಅಂತ ಕೇಳಲ್ಲ, ತಿಂಡಿ ಆಯ್ತಾ ಅಂತ ಮಾತ್ರ ಕೇಳ್ತೀನಿ.