ಇಬ್ಬರ ಯುದ್ಧಕ್ಕೆ ಎಷ್ಟೊಂದು ಜನ ಬೇಕಾಯ್ತು!

ಮೊನ್ನೆ ಭಾನುವಾರ ಮೈಸೂರಿನ ಕಿರುರಂಗಮಂದಿರದಲ್ಲಿ ನಮ್ಮ ಭರತ-ಬಾಹುಬಲಿ ನಾಟಕದ ಈ ವರ್ಷದ ಕೊನೆಯ ಪ್ರದರ್ಶನ ಮುಗಿಯಿತು. ಬಂದವರು ಕೊನೆಯವರೆಗೂ ಕೂತಿದ್ದರು. ಸಾಲ ಸ್ವಲ್ಪ ಇದೆ, ಬಾಡಿಗೆ ಬಾಕಿ ಇಲ್ಲ. ಹವ್ಯಾಸಿ ತಂಡಕ್ಕೆ ಇಷ್ಟಾದರೆ ಹಬ್ಬ. ಮೈಕ್ ಹಿಡಿದಾಗ ಗಂಟಲು ಕಟ್ಟಿ ಎರಡೇ ಮಾತಿಗೆ ಕೂತುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕುತ್ತಿಲ್ಲ. ಹಾಕಿದರೆ ಬೈತೀವಿ ಅಂತ ಮೊದಲೇ ಹೇಳಿದವರು ನಮ್ಮಲ್ಲಿ ಜಾಸ್ತಿ.

ಯುದ್ಧದ ನಾಟಕ ಮಾಡುತ್ತೇವೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಸೈನ್ಯಕ್ಕೆ ಜನ ಎಲ್ಲಿಂದ ತರ್ತೀರಾ? ನಮ್ಮ ಹತ್ತಿರ ಕುದುರೆ ಇರಲಿ, ನಾಲ್ಕು ಒಳ್ಳೆ ಈಟಿಗೂ ದುಡ್ಡಿರಲಿಲ್ಲ. ಆದರೆ ಈ ಕತೆಯಲ್ಲಿ ಸೈನ್ಯ ಬರುತ್ತದೆ, ನಿಲ್ಲುತ್ತದೆ, ಅಷ್ಟೇ. ಪಂಪ 941ರಲ್ಲಿ ಬರೆದ ಆದಿಪುರಾಣ ಓದಿದವರಿಗೆ ಗೊತ್ತು. ಅಣ್ಣ ಭರತ ಭೂಮಿಯನ್ನೆಲ್ಲ ಗೆದ್ದು ಅಯೋಧ್ಯೆಗೆ ವಾಪಸ್ ಬರುತ್ತಾನೆ. ಊರ ಬಾಗಿಲಲ್ಲಿ ಚಕ್ರರತ್ನ, ಅಂದರೆ ಅವನ ಸೈನ್ಯದ ಮುಂದೆ ಸಾಗುತ್ತಿದ್ದ ದಿವ್ಯ ಚಕ್ರ, ನಿಂತುಬಿಡುತ್ತದೆ. ಯಾಕೆ ಅಂದರೆ ತಮ್ಮಂದಿರು ಇನ್ನೂ ತಲೆಬಾಗಿಲ್ಲ. 98 ಜನ ರಾಜ್ಯವೇ ಬೇಡ ಅಂತ ಬಿಟ್ಟು ತಪಸ್ಸಿಗೆ ಹೋಗುತ್ತಾರೆ. ಪೌದನಪುರದ ಬಾಹುಬಲಿ ಮಾತ್ರ ಯುದ್ಧಕ್ಕೆ ನಿಲ್ಲುತ್ತಾನೆ. ಆಗ ಮಂತ್ರಿಗಳು ಒಂದು ಲೆಕ್ಕ ಹಾಕುತ್ತಾರೆ. ಇವರಿಬ್ಬರೂ ಮೋಕ್ಷಕ್ಕೆ ಹೋಗುವವರು, ಇವರಿಗೆ ಏನೂ ಆಗಲ್ಲ, ನಡುವೆ ಸಾಯೋದು ಸೈನಿಕರು. ಹಾಗಾಗಿ ನೀವಿಬ್ಬರೇ ಕಾದಿ ಅನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಕಾಸಿಲ್ಲದ ತಂಡಕ್ಕೆ ಇದಕ್ಕಿಂತ ಒಳ್ಳೆ ಯುದ್ಧ ಎಲ್ಲಿ ಸಿಗುತ್ತೆ ಹೇಳಿ.

ಈಗ ಥ್ಯಾಂಕ್ಸ್ ಹೇಳುವ ಸರದಿ. ಮೊದಲು ಚಪ್ಪಲಿ ಕೊಟ್ಟವರಿಗೆ. ಆ 98 ತಮ್ಮಂದಿರ ಬದಲು ನಾವು ವೇದಿಕೆ ಮೇಲೆ 98 ಜೊತೆ ಹಳೇ ಚಪ್ಪಲಿ ಸಾಲಾಗಿ ಇಟ್ಟಿದ್ದೆವು. ಹವಾಯಿ, ಕೊಲ್ಹಾಪುರಿ, ಅಂಗನವಾಡಿ ಮಗುವಿನ ಪುಟ್ಟ ಸ್ಯಾಂಡಲ್ಲು, ಯಾರದೋ ತಾತನ ಟೈರ್ ಮೆಟ್ಟು, ಎಲ್ಲ ಇತ್ತು. ವಾಪಸ್ ಬೇಕಾದವರು ಬಂದು ಗುರುತು ಹಿಡಿದು ತಗೊಂಡು ಹೋಗಿ, ದಯವಿಟ್ಟು. ನಮ್ಮ ಮನೆ ಹಜಾರದಲ್ಲಿ ಕಾಲಿಡೋಕೆ ಜಾಗ ಇಲ್ಲ.

ಸೈಕಲ್ ಶಾಪ್ ಅಣ್ಣನಿಗೆ ದೊಡ್ಡ ನಮಸ್ಕಾರ. ನಮ್ಮ ಚಕ್ರರತ್ನ ನಿಮ್ಮದೇ ಅಂಗಡಿಯ ಹಳೇ ರಿಮ್ಮು. ಅದಕ್ಕೆ ಹಿತ್ತಾಳೆ ಬಣ್ಣ ಹೊಡೆದು, ಹಿಂದುಗಡೆ ಬ್ರೇಕ್ ಕಟ್ಟೆ ಕೂರಿಸಿಕೊಟ್ಟಿರಿ. ವಿಂಗ್‌ನಲ್ಲಿ ನಿಂತ ಹುಡುಗಿ ಕೇಬಲ್ ಎಳೆದರೆ, ಗಿರ್ರನೆ ತಿರುಗುತ್ತಿದ್ದ ಚಕ್ರ ಟಕ್ ಅಂತ ನಿಲ್ಲುತ್ತಿತ್ತು. ಜನ ಪ್ರತಿ ಸಲವೂ ಹೌಹಾರುತ್ತಿದ್ದರು.

ನಮ್ಮ ಇನ್ನೊಂದು ಫಜೀತಿ ನಿಮಗೆ ಗೊತ್ತೇ ಇದೆ. ಪುರಾಣದಲ್ಲಿ ಬಾಹುಬಲಿ 525 ಬಿಲ್ಲಿನೆತ್ತರ, ಭರತ 500. ತಲೆ ಎತ್ತಿ ನೋಡಿ ನೋಡಿ ಅಣ್ಣ ಮೊದಲು ರೆಪ್ಪೆ ಬಡಿಯುತ್ತಾನೆ, ಸೋಲುತ್ತಾನೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಭರತ ಆರಡಿ ಕಾಲೇಜು ಮೇಷ್ಟ್ರು. ಬಾಹುಬಲಿ ಅವನ ಕಿವಿಗೆ ಬರುವ ಮೆಡಿಕಲ್ ಶಾಪ್ ಹುಡುಗ. ಒಂದು ಮೆಟ್ಟಿಲ ಲೆವೆಲ್ ಹಾಕಿ, ಕೆಳಗಿನಿಂದ ಬೆಳಕು ಬಿಟ್ಟು ಅವನನ್ನು ಬೆಳೆಸಿದ ಲೈಟಿಂಗ್ ತಂಡಕ್ಕೆ, ಅಣ್ಣತಮ್ಮಂದಿರ ಒಡಹುಟ್ಟಿದ ಬ್ರಾಹ್ಮಿ-ಸುಂದರಿಯರಾಗಿ ಕತೆ ಹೇಳಿದ ಇಬ್ಬರು ಅಕ್ಕಂದಿರಿಗೆ, ಜಲಯುದ್ಧದ ಸದ್ದಿಗೆ ಮನೆಯ ತಾಮ್ರದ ಹಂಡೆ ಹೊತ್ತು ತಂದವರಿಗೆ, ಟೈಲರ್‌ಗೆ, ಟಿಕೆಟ್ ಮಾರಿದವರಿಗೆ, ಚಿತ್ರಾನ್ನ ಕಳಿಸಿದ ಅಮ್ಮಂದಿರಿಗೆ, ಎಲ್ಲರಿಗೂ ಶರಣು.

ಇನ್ನು ನಮಗೆ ಕುಸ್ತಿ ಕಲಿಸಿದ ಗರಡಿಯ ಗುರು, ವಸ್ತಾದ್‌ರ ವಿಷಯ.

ಮಲ್ಲಯುದ್ಧ ಕಲಿಸಿ ಅಂತ ಗರಡಿಗೆ ಹೋದಾಗ ಅವರು ನಮ್ಮ ಹುಡುಗರನ್ನು ಮೇಲಿಂದ ಕೆಳಗೆ ನೋಡಿ, 'ಇವ್ರು ಗರಡಿ ಮೆಟ್ಲು ಹತ್ತಿದ್ರೆ ಏದುಸಿರು ಬಿಡ್ತಾರೆ' ಅಂದರು. ಆಮೇಲೆ ಬೆಳಿಗ್ಗೆ ಐದಕ್ಕೆ ಬನ್ನಿ ಅಂದರು. ಬಹಳ ದಿನ ಒಂದು ಪಟ್ಟೂ ಹೇಳಿಕೊಡಲಿಲ್ಲ. ದಂಡ, ಬಸ್ಕಿ, ಕುಸ್ತಿ ಆಡುವ ಮಣ್ಣಿನ ಕಣ ಅಂದರೆ ಮಟ್ಟಿ ಅಗೆಯೋದು, ಇಷ್ಟೇ. ಕೆಮ್ಮಣ್ಣು ಉಗುರಿನ ಸಂದಿಯಲ್ಲಿ ಕೂತರೆ ಹೋಗಲ್ಲ. ನಮ್ಮ ಮೇಷ್ಟ್ರು ಹಾಗೇ ಕಾಲೇಜಿಗೆ ಹೋಗಿ ಪಾಠ ಮಾಡುತ್ತಿದ್ದ.

ಶ್ರವಣಬೆಳಗೊಳಕ್ಕೆ ಹೋದಾಗ ಅವರೂ ಬಂದಿದ್ದರು. ಚಾವುಂಡರಾಯ ಮಾಡಿಸಿದ ಆ 57 ಅಡಿಯ ಮೂರ್ತಿಯ ಮುಂದೆ ನಾವೆಲ್ಲ ಮುಖ ನೋಡುತ್ತಾ ನಿಂತಿದ್ದೆವು. ವಸ್ತಾದ್‌ರು ಬಳ್ಳಿ ಹಬ್ಬಿದ ತೊಡೆ ನೋಡುತ್ತಿದ್ದರು. ಸುಮಾರು ಹೊತ್ತಾದ ಮೇಲೆ ಬಾಹುಬಲಿ ಹುಡುಗನ ಭುಜ ತಟ್ಟಿ, 'ಎತ್ತೋದು ಯಾವನಾದ್ರೂ ಎತ್ತುತಾನೆ ಮಗಾ. ಎತ್ತಿದ್ನ ಮೆಲ್ಲಗೆ ಇಳಿಸೋಕೆ ಸೊಂಟ ಬೇಕು, ತೊಡೆ ಬೇಕು. ಇವ್ನು ಅಣ್ಣನ್ನ ಇಳಿಸ್ದ ಅಂದ್ರೆ ನಾನು ನಂಬ್ತೀನಿ' ಅಂದರು. ನಮ್ಮ ನಾಟಕದ ಕೊನೆಯ ದೃಶ್ಯ ಹುಟ್ಟಿದ್ದೇ ಅಲ್ಲಿ. ಕತೆಯಲ್ಲಿ ಬಾಹುಬಲಿ ಅಣ್ಣನನ್ನು ಮೇಲೆತ್ತುತ್ತಾನೆ. ಅಪ್ಪಳಿಸಿದರೆ ಗೆದ್ದಂತೆ. ಅಪ್ಪಳಿಸುವುದಿಲ್ಲ, ಇಳಿಸುತ್ತಾನೆ. ಆಮೇಲೆ ಭರತ ಸಿಟ್ಟಲ್ಲಿ ಚಕ್ರ ಬಿಡುವುದು, ಅದು ತಮ್ಮನನ್ನು ಸುತ್ತಿ ಸುಮ್ಮನೆ ನಿಲ್ಲುವುದು, ತಮ್ಮ ಎಲ್ಲ ಬಿಟ್ಟು ಹೊರಡುವುದು ಎಲ್ಲ ಇದೆ. ಆದರೆ ನನ್ನ ಮಟ್ಟಿಗೆ ಯುದ್ಧ ಮುಗಿಯುವುದು ಆ ಇಳಿಸುವಲ್ಲೇ.

ಆ ದೃಶ್ಯದ ತಾಲೀಮಿನಲ್ಲೇ ಆ ರಾತ್ರಿ ಬಂದಿದ್ದು. ಏನಾಯ್ತು, ಎಲ್ಲಿ ಪೆಟ್ಟಾಯ್ತು ಅನ್ನೋದು ನಿಮಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ಪೆಟ್ಟು ತಿಂದ ಭರತ ಆಸ್ಪತ್ರೆಯ ಒಳಗೆ ಇದ್ದ. ನಾನು ಕಾರಿಡಾರಿನ ಬೆಂಚಿನ ಮೇಲೆ. ಅವನ ತಾಯಿ ಬಂದರು. 'ನಾಟಕ ಮಾಡಿ ನನ್ನ ಮಗನ್ನ ಮುಗಿಸ್ತೀರಾ?' ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅಷ್ಟೂ ವರ್ಷ ರಂಗಭೂಮಿ, ರಂಗಭೂಮಿ ಅಂತ ಓಡಾಡಿದ್ದು ಯಾಕೆ, ಯಾರಿಗೋಸ್ಕರ ಅನ್ನಿಸಿಬಿಟ್ಟಿತು. ಇದನ್ನು ಬರೆಯುವಾಗಲೂ ಕೈ ನಡುಗುತ್ತೆ. ವಸ್ತಾದ್‌ರು ಎದ್ದು ಹೋಗಿ ಆ ತಾಯಿಯ ಪಕ್ಕ ಕೂತರು. ಸಮಾಧಾನ ಹೇಳಲಿಲ್ಲ. 'ಬಯ್ಯವ್ವ, ನನ್ನ ಬಯ್ಯಿ. ಕಲ್ಸಿದ್ದು ನಾನು' ಅಂದರು. ಆಯಮ್ಮ ಅವರಿಗೆ ಮನಸಾರೆ ಬೈದರು. ಬೈದು ಬೈದು ಅತ್ತರು. ಆಮೇಲೆ ಅವರು ತಂದುಕೊಟ್ಟ ಕಾಫಿ ಕುಡಿದರು.

ಬಾಹುಬಲಿ ಮಾತ್ರ ಆಸ್ಪತ್ರೆ ಒಳಗೆ ಕಾಲಿಟ್ಟಿರಲಿಲ್ಲ. ಬೈಕ್ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಎತ್ತಿದ್ದು ಅವನೇ ಅಲ್ವಾ. ನಾನು ಕರೆದೆ, ಬರಲಿಲ್ಲ. ಗೆಳೆಯರು ಕರೆದರು, ಬರಲಿಲ್ಲ. ನಡುರಾತ್ರಿ ದಾಟಿದ ಮೇಲೆ ವಸ್ತಾದ್‌ರು ಪಂಚೆ ಎತ್ತಿ ಕಟ್ಟಿ ಅವನ ಹತ್ತಿರ ಹೋದರು. 'ಅಳ್ತಾ ನಿಂತ್ರೆ ಮೈ ಹಿಡ್ಕೊಳ್ತದೆ. ಹೊಡಿಯಲಾ ಬಸ್ಕಿ' ಅಂದರು. ಅವನು ಮಿಕಮಿಕ ನೋಡಿದ. ಅವರು ತಾವೇ ಶುರು ಮಾಡಿದರು. ಎಪ್ಪತ್ತು ದಾಟಿದ ಮನುಷ್ಯ, ಬೈಕುಗಳ ನಡುವೆ, ಟ್ಯೂಬ್‌ಲೈಟಿನ ಕೆಳಗೆ, ಹೂಂ ಹೂಂ ಅಂತ ಬಸ್ಕಿ ಹೊಡೆಯುತ್ತಿದ್ದಾರೆ. ಹುಡುಗನೂ ಅಳುತ್ತಲೇ ಕೂತು ಎದ್ದ. ಸೆಕ್ಯೂರಿಟಿಯವನು ಟಾರ್ಚ್ ಹಿಡಿದು ಓಡಿ ಬಂದ. 'ಏನಿಲ್ಲಪ್ಪಾ, ನಮ್ ಹುಡುಗ ಸಾಮು ಮಾಡ್ತಾವ್ನೆ' ಅಂದರು ವಸ್ತಾದ್‌ರು. ಅದು ದಿನಾ ನಡೆಯುವ ಕೆಲಸವೇನೋ ಅನ್ನೋ ಹಾಗೆ ಅವನೂ ಪಕ್ಕಕ್ಕೆ ನಿಂತುಕೊಂಡ.

ಬೆಳಗಿನ ಜಾವ ಅವನ ರಟ್ಟೆ ಹಿಡಿದು ವಾರ್ಡಿಗೆ ಕರೆದುಕೊಂಡು ಹೋದರು. ಕಟ್ಟು ಹಾಕಿಸಿಕೊಂಡು ಮಲಗಿದ್ದ ಮೇಷ್ಟ್ರು ಕಣ್ಣು ಬಿಟ್ಟವನೇ, 'ಎಡಗಾಲು ಮುಂದಿಡು ಅಂತ ಎಷ್ಟು ಸಲ ಹೇಳೋದು ನಿನಗೆ?' ಅಂದ. 'ನಾನು ಇಟ್ಟಿದ್ದೆ, ನೀನೇ ಒದ್ದಾಡಿದೆ' ಅಂತ ಇವನು. ನರ್ಸ್ ಬಂದು ಗದರುವವರೆಗೂ ಇಬ್ಬರೂ ಕಿತ್ತಾಡಿದರು. ಆ ಜಗಳ ಕೇಳಿದ ಮೇಲೆಯೇ ನಾನು ಮನೆಗೆ ಫೋನ್ ಮಾಡಿದ್ದು. ವಸ್ತಾದ್‌ರು ಬಾಗಿಲಿಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿದ್ದರು.

ಪ್ರದರ್ಶನ ಮುಂದಕ್ಕೆ ಹೋಯಿತು. ಹಾಲ್ ಮುಂಗಡ ಹೋಯಿತು, ಆ ಕತೆ ಬಿಡಿ. ಡಾಕ್ಟರು ಒಪ್ಪಿದ ಮೇಲೆ ವಸ್ತಾದ್‌ರು ಇಡೀ ಪಟ್ಟನ್ನೇ ಬದಲಾಯಿಸಿದರು. ಭುಜದ ಮೇಲೆ ಒಂದಿಷ್ಟೂ ಭಾರ ಬೀಳದ ಹಾಗೆ ಸೊಂಟ, ತೊಡೆ ಹಿಡಿದು ಎತ್ತೋದು. ತಲೆಯ ಮೇಲಕ್ಕಲ್ಲ, ಎದೆಮಟ್ಟಕ್ಕೆ ಮಾತ್ರ. ಇಳಿಸೋಕೆ ಮಾತ್ರ ಎಷ್ಟು ಬೇಕಾದರೂ ಹೊತ್ತು ತಗೋ ಅಂದರು. ಆರಡಿ ಮನುಷ್ಯನ ಕಾಲು ಇಂಚಿಂಚೇ ನೆಲ ಮುಟ್ಟುವುದು, ಎತ್ತಿದವನ ಮೀನಖಂಡ ಅದುರುವುದು, ಮೊದಲ ಸಾಲಿನವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಬರೆದಿದ್ದ ಮಾತುಗಳನ್ನೆಲ್ಲ ಅಲ್ಲಿಂದ ಕಿತ್ತುಹಾಕಿದೆ. ಕಿಚ್ಚಿನಂಥ ಎರಡು ಪುಟದ ಸಂಭಾಷಣೆ ಅದು, ಹೊಟ್ಟೆ ಉರಿಯಿತು. ಆದರೆ ಆ ಮೀನಖಂಡದ ಮುಂದೆ ನನ್ನ ಮಾತು ಯಾಕೆ ಬೇಕು?

ನೋಡಿದವರಲ್ಲಿ ಬಹಳ ಜನ ಆಮೇಲೆ ಬಂದು ತಮ್ಮ ಮನೆಯ ಕತೆ ಹೇಳಿದರು. ಸೈಟಿನ ಜಗಳ, ಅಮ್ಮನ ಒಡವೆ, ಎಷ್ಟೋ ವರ್ಷದಿಂದ ಮಾತು ಬಿಟ್ಟ ತಮ್ಮ. ನಾನು ಉತ್ತರ ಕೊಡಲಿಲ್ಲ, ಕೇಳಿಸಿಕೊಂಡೆ. ಹೇಳಿಕೊಂಡಿದ್ದಕ್ಕೆ ನಿಮಗೂ ಥ್ಯಾಂಕ್ಸ್.

ಮೇಷ್ಟ್ರ ತಾಯಿ ಭಾನುವಾರ ಮೊದಲ ಸಾಲಲ್ಲಿ ಕೂತಿದ್ದರು. ಮಗನನ್ನು ಎತ್ತುವಾಗ ಮುಖಕ್ಕೆ ಸೆರಗು ಅಡ್ಡ ಹಿಡಿದುಕೊಂಡರಂತೆ. ನಾಟಕ ಮುಗಿದ ಮೇಲೆ ಬಾಹುಬಲಿಯ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ಮಾರನೇ ದಿನ ಊಟಕ್ಕೆ ಬಾ ಅಂದರು.

ವಸ್ತಾದ್‌ರಿಗೆ ಸಂಭಾವನೆ ಕೊಡೋಕೆ ಹೋದೆವು. ಕವರ್ ಮುಟ್ಟಲಿಲ್ಲ. 'ಮಟ್ಟಿ ಮಣ್ಣು ಹಳೇದಾಗದೆ, ಒಂದು ಲೋಡ್ ಕೆಮ್ಮಣ್ಣು ಹಾಕ್ಸಿ' ಅಂದರು. ಮಣ್ಣು ಶನಿವಾರ ಬರುತ್ತದೆ. ಕಲ್ಲು, ಬೇರು ಆರಿಸಿ ಜರಡಿ ಹಿಡಿಯಬೇಕು. ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಬೇಕು. ಭಾನುವಾರ ಬೆಳಿಗ್ಗೆ ಐದಕ್ಕೆ ಗರಡಿಗೆ ಬನ್ನಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಚಪ್ಪಲಿ ಹೊರಗೆ ಬಿಡಿ. ಈ ಸಲ ನಾವು ಕದಿಯಲ್ಲ.