ನಲ್ಲಿ ಎಣಿಸುವ ಯೋಜನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಯೋಜನಾ ಸಚಿವರಿಗೆ ವಂದನೆಗಳು.

ದೇಶದ ಸುಸ್ಥಿರ ಅಭಿವೃದ್ಧಿಯನ್ನು ಅಳೆಯುವ ಸೂಚಕಗಳ ಪಟ್ಟಿಯನ್ನು ತಮ್ಮ ಇಲಾಖೆ ಮತ್ತೊಮ್ಮೆ ಪರಿಷ್ಕರಿಸುತ್ತಿದೆಯೆಂದು ತಿಳಿದು, ವರ್ಷಗಳಿಂದ ನುಂಗಿಕೊಂಡಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ದಯವಿಟ್ಟು ನಲ್ಲಿ ಎಣಿಸುವುದನ್ನು ಬಿಟ್ಟು ನೀರನ್ನು ಅಳೆಯಿರಿ.

ಕಳೆದ ಸಮೀಕ್ಷೆಗೆ ನಮ್ಮ ಮನೆಗೆ ಬಂದ ಗಣತಿದಾರರು, ಮನೆಯೊಳಗೆ ನಲ್ಲಿ ಇದೆಯೇ ಎಂದು ಕೇಳಿದರು. ಇದೆ, ಆದರೆ ಅದರಲ್ಲಿ ನೀರು ಬಂದು ಹನ್ನೊಂದು ದಿನವಾಯಿತು ಎಂದೆ. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ ಎಂದರು. ತಿರುಗಿಸಿಯೇ ತೋರಿಸಿದೆ, ನಲ್ಲಿ ಒಮ್ಮೆ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಅವರು ‘ಹೌದು’ ಎಂಬಲ್ಲಿ ಗುರುತು ಹಾಕಿ, ಕುಡಿಯಲು ಒಂದು ಲೋಟ ನೀರು ಕೇಳಿದರು. ಬಕೆಟ್ಟಿನ ತಳದಲ್ಲಿ ಉಳಿದಿದ್ದನ್ನು ಸೋಸಿ ಕೊಟ್ಟೆ. ಪಾಪ, ಅವರದೇನು ತಪ್ಪು? ನಮೂನೆ ಅವರು ಮಾಡಿದ್ದಲ್ಲ.

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. 2015ರವರೆಗಿನ ವಿಶ್ವಸಂಸ್ಥೆಯ ಸಹಸ್ರಮಾನದ ಅಭಿವೃದ್ಧಿ ಗುರಿಗಳ ಕಾಲದಲ್ಲಿ ನಲ್ಲಿ, ಕೊಳವೆಬಾವಿಯಂಥ ‘ಸುಧಾರಿತ ಮೂಲ’ವೊಂದಿದ್ದರೆ ಲೆಕ್ಕಕ್ಕೆ ಸಾಕಿತ್ತು. 2017ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಸೂಚಕಗಳ ಚೌಕಟ್ಟಿನಲ್ಲಿ ಕುಡಿಯುವ ನೀರಿನ ಸೂಚಕವಾದ 6.1.1ನೆಯದು ಅಷ್ಟಕ್ಕೆ ತೃಪ್ತವಾಗದೆ, ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕೆಂದಾಗ ಸಿಗಬೇಕು, ಮಲಿನವಾಗಿರಬಾರದು ಎಂದು ಮೂರನ್ನೂ ಕೇಳುತ್ತದೆ. ಇದನ್ನೆಲ್ಲ ಅರೆದು ಕುಡಿದ ತಜ್ಞರು ತಮ್ಮ ಸುತ್ತಲಿರುವಾಗ ನಮ್ಮ ನಮೂನೆಗೆ ಮಾತ್ರ ನಲ್ಲಿಯೊಂದೇ ಏಕೆ ಸಾಕಾಯಿತು? ನಲ್ಲಿಗಳ ಸಂಖ್ಯೆ ಎಂದೂ ಇಳಿಯುವುದಿಲ್ಲ ಎಂಬ ಕಾರಣಕ್ಕಿರಬಹುದೇ?

ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ತರದ ಅಭಿವೃದ್ಧಿಯೇ ಸುಸ್ಥಿರವೆಂದು ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗ 1987ರಲ್ಲೇ ಹೇಳಿತ್ತು. ಆದರೂ ತಮ್ಮ ಪಟ್ಟಿಯ ತಲೆಯ ಮೇಲೆ ಇನ್ನೂ ಜಿಡಿಪಿ ಕೂತಿದೆ. ನಾನು ಟ್ಯಾಂಕರಿನವರಿಗೆ ಕೊಟ್ಟ ಹಣ ಅದರಲ್ಲಿ ಸೇರುತ್ತದೆ. ಆ ಟ್ಯಾಂಕರ್ ತುಂಬಿಸಲು ಬರಿದಾದ ಅಂತರ್ಜಲವನ್ನು ಅದರಿಂದ ಯಾರೂ ಕಳೆಯುವುದಿಲ್ಲ. ನನ್ನ ಮನೆಯ ಬರಗಾಲ ದೇಶದ ಬೆಳವಣಿಗೆಗೆ ಸಲ್ಲಿಸಿದ ಸೇವೆಗೆ ಒಂದು ಪ್ರಶಸ್ತಿಪತ್ರವನ್ನಾದರೂ ಕೊಡಿಸಬೇಕಿತ್ತು, ಸ್ವಾಮಿ.

ಆದ್ದರಿಂದ ಮತ್ತೆ ಕೇಳುತ್ತೇನೆ: ನೀರನ್ನು ಅಳೆಯಿರಿ. ಲಭ್ಯವಿರುವ ಸಿಹಿನೀರಿನಲ್ಲಿ ಎಷ್ಟು ಪಾಲನ್ನು ಎತ್ತುತ್ತಿದ್ದೇವೆಂದು ಹೇಳುವ 6.4.2ನೇ ಸೂಚಕವನ್ನು ಅನುಬಂಧದಲ್ಲಿ ಹೂತಿಡದೆ ಮೊದಲ ಪುಟದಲ್ಲಿ, ಜಿಡಿಪಿಯ ಪಕ್ಕದಲ್ಲೇ ಅಚ್ಚು ಹಾಕಿಸಿ. ಮುಂದಿನ ಗಣತಿದಾರರು ನಮ್ಮ ಬಾಗಿಲು ತಟ್ಟುವ ಮೊದಲು ನಮೂನೆಗೆ ಒಂದೇ ಒಂದು ಸಾಲು ಸೇರಿಸಿ: ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ನೀರು ಬಂತು?

ಇತಿ,
ತಮ್ಮ ದಾಖಲೆಯ ಪ್ರಕಾರ ನೀರು ಪಡೆಯುತ್ತಿರುವ ಒಬ್ಬ ನಾಗರಿಕಳು